ನಲವತ್ತು ದಿನದ ನೋಟುಪುಸ್ತಕ: ದೇವರ ಚಿತ್ತವನ್ನು ಕೇಳಿ ತಿಳಿದ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಸುಮಾರು ಇಪ್ಪತ್ತಾರು ವರ್ಷಗಳಿಂದ ಚಿಕ್ಕದೊಂದು ಮುದ್ರಣಾಲಯ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಚರ್ಚಿನ ಸಭೆಯ ಕ್ಯಾಲೆಂಡರು, ಇವೇ ನಮ್ಮ ಹೊಟ್ಟೆಪಾಡು. ಪ್ರಾರ್ಥನೆ ಮಾಡುವುದು ಹೇಗೆಂದು ನಾನು ಇಲ್ಲಿ ಹೇಳಲು ಹೊರಟಿಲ್ಲ. ಅದು ಭಾನುವಾರ ಶಾಲೆಯಿಂದಲೇ ನಮಗೆಲ್ಲ ಬಂದಿದೆ. ಪ್ರಾರ್ಥಿಸಿ ತೀರ್ಮಾನ ಮಾಡಿದ್ದೇನೆಂದು ನಂಬಿ ನಾನು ಹಣ ಕಳೆದುಕೊಂಡದ್ದು ಹೇಗೆ, ಆಮೇಲೆ ಹಲವರು ಒಪ್ಪದ ಒಂದು ಕ್ರಮವನ್ನು ಹಿಡಿದು ಅದು ಕೈಗೂಡಿದ್ದು ಹೇಗೆ ಎಂಬುದನ್ನಷ್ಟೇ ಬರೆಯುತ್ತೇನೆ.

2014ರಲ್ಲಿ ಪರಿಚಯದವರೊಬ್ಬರು ಪಾಲುದಾರಿಕೆಯಲ್ಲಿ ಫ್ಲೆಕ್ಸ್ ಮುದ್ರಣ ಯಂತ್ರ ಹಾಕೋಣವೆಂದು ಬಂದರು. ಆ ರಾತ್ರಿ ಮಂಡಿಯೂರಿ ಪ್ರಾರ್ಥಿಸಿ, ಕಣ್ಣು ಮುಚ್ಚಿ ಸತ್ಯವೇದವನ್ನು (ಬೈಬಲನ್ನು) ತೆರೆದು ಬೆರಳಿಟ್ಟೆ. ಸಿಕ್ಕಿದ್ದು ಯೆಶಾಯನ ಐವತ್ತನಾಲ್ಕನೆಯ ಅಧ್ಯಾಯ: ಗುಡಾರದ ಸ್ಥಳವನ್ನು ವಿಶಾಲಮಾಡು, ಪರದೆಗಳನ್ನು ಹರಡು ಎಂಬ ಮಾತು. ಪರದೆಯೆಂದರೆ ಫ್ಲೆಕ್ಸ್ ಬಟ್ಟೆಯೇ ಎಂದು ನನಗೆ ಅನ್ನಿಸಿಬಿಟ್ಟಿತು. ಇದೇ ವಚನವನ್ನಿಟ್ಟುಕೊಂಡು ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯವರು 1792ರಲ್ಲಿ ಪ್ರಸಂಗ ಮಾಡಿ ಮರುವರ್ಷ ಬಂಗಾಳಕ್ಕೆ ಬಂದದ್ದು ನಿಜ. ಆದರೆ ಅವರು ಚಪ್ಪಲಿ ಹೊಲಿಯುತ್ತಿದ್ದ ಕಾಲದಿಂದಲೂ ದೂರದೇಶಗಳಿಗೆ ಸುವಾರ್ತೆ ಒಯ್ಯುವ ಭಾರವನ್ನು ಎದೆಯಲ್ಲಿ ಹೊತ್ತಿದ್ದವರು, ನಾನು ಹೊತ್ತದ್ದು ಒಂದೇ ರಾತ್ರಿ. ನನ್ನ ಪಾಲಿಗೆ ಬಂದದ್ದು ನಾಲ್ಕೂವರೆ ಲಕ್ಷ. ಅದರಲ್ಲಿ ಒಂದೂವರೆಯಷ್ಟು ಹೆಂಡತಿಯ ಬಂಗಾರ ಅಡವಿಟ್ಟದ್ದು, ಉಳಿದದ್ದು ಸೊಸೈಟಿ ಸಾಲ. 2016ರ ಮಾರ್ಚಿನಲ್ಲಿ ಸರ್ಕಾರ ಪ್ಲಾಸ್ಟಿಕ್ ಬ್ಯಾನರುಗಳನ್ನು ನಿಷೇಧಿಸಿತು. ಅಷ್ಟರಲ್ಲಾಗಲೇ ಪಾಲುದಾರರು ಕೈತೊಳೆದುಕೊಂಡಿದ್ದರು. ಬಡ್ಡಿ ಸೇರಿ ಹೆಚ್ಚುಕಡಿಮೆ ಆರು ಲಕ್ಷ ಹೋಯಿತು. ಬಂಗಾರ ಬಿಡಿಸಿಕೊಳ್ಳಲು ನಾಲ್ಕು ವರ್ಷ ಬೇಕಾಯಿತು.

ದೇವರು ನನ್ನನ್ನು ಮೋಸಗೊಳಿಸಲಿಲ್ಲ. ತೀರ್ಮಾನವನ್ನು ಮೊದಲೇ ಮಾಡಿಕೊಂಡು, ಅದರ ಕೆಳಗೆ ಆತನ ರುಜು ಬೇಕೆಂದು ಬೇಡಿದವನು ನಾನು. ಇದು ಅರ್ಥವಾಗಲು ಎರಡು ವರ್ಷ ಹಿಡಿಯಿತು.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಯೇಸುವಿನ ಅಪೊಸ್ತಲರು ಚೀಟು ಹಾಕಿದರಲ್ಲ ಎಂದು ನಾನೂ ಚೀಟಿ ಬರೆದು ಹಾಕಿದೆ. ಒಂದೇ ಪ್ರಶ್ನೆಗೆ ಮೂರು ಸಂಜೆ ಎತ್ತಿದಾಗ ಎರಡು ಸಲ ‘ಹೌದು’, ಒಂದು ಸಲ ‘ಬೇಡ’ ಬಂತು. ಪೆಂತೆಕೊಸ್ತಿನ ದಿನ ಪವಿತ್ರಾತ್ಮನು ಬಂದ ಮೇಲೆ, ಆ ಸಂಗತಿಯಿರುವ ಅಪೊಸ್ತಲರ ಕೃತ್ಯಗಳ ಪುಸ್ತಕದಲ್ಲಿ ಸಭೆಯವರು ಮತ್ತೆ ಚೀಟು ಹಾಕಿದ ಸುದ್ದಿಯೇ ಇಲ್ಲವೆಂಬುದನ್ನು ಆಮೇಲೆ ಗಮನಿಸಿದೆ. ಸತ್ಯವೇದದ ಗಿದ್ಯೋನನು ಕುರಿಯ ತುಪ್ಪಟವನ್ನು ಹಾಸಿ ದೇವರಲ್ಲಿ ಗುರುತು ಕೇಳಿದಂತೆ ನಾನೂ ಮಾಡಿದೆ: ಶನಿವಾರದೊಳಗೆ ಕಾಗದದ ವ್ಯಾಪಾರಿ ಫೋನು ಮಾಡಿದರೆ ಮುಂದುವರಿಯುತ್ತೇನೆಂದು ಹೇಳಿಕೊಂಡೆ. ಆತ ಬಾಕಿ ಕೇಳಲು ಪ್ರತಿ ಶನಿವಾರವೂ ಫೋನು ಮಾಡುವವನೇ. ಗಿದ್ಯೋನನಿಗೆ ದೇವರು ಮೊದಲೇ ಮಾತು ಕೊಟ್ಟಿದ್ದನು, ತುಪ್ಪಟವನ್ನು ಹಾಸಿದ್ದು ಅದನ್ನು ನಂಬುವ ಧೈರ್ಯಕ್ಕಾಗಿ. ನನಗೆ ಮಾತೇ ಬಂದಿರಲಿಲ್ಲ. ಉಪವಾಸದ ವಿಷಯದಲ್ಲಿ ನನ್ನದೇ ಒಂದು ಕಂಡುಕೊಳ್ಳುವಿಕೆ ಇದೆ. ಮೂರನೆಯ ದಿನದ ಹಸಿವಿನಲ್ಲಿ ನನಗೆ ಎಲ್ಲದಕ್ಕೂ ‘ಹೌದು’ ಎಂದೇ ಕೇಳಿಸುತ್ತದೆ. ಆದ್ದರಿಂದ ಈಗ ಉಪವಾಸವನ್ನು ನಲವತ್ತು ದಿನದಲ್ಲಿ ಮೊದಲ ಎರಡು ವಾರ ಮಾಡುತ್ತೇನೆ, ತೀರ್ಮಾನದ ದಿನಗಳಲ್ಲಿ ಮಾಡುವುದಿಲ್ಲ.

2019ರ ಮಳೆಗಾಲದಲ್ಲಿ, ಮುಚ್ಚುತ್ತಿದ್ದ ಒಂದು ಪ್ರೆಸ್ಸಿನಿಂದ ಎರಡು ಬಣ್ಣದ ಆಫ್‌ಸೆಟ್ ಯಂತ್ರ ಸುಮಾರು ಹದಿನಾಲ್ಕು ಲಕ್ಷಕ್ಕೆ ಸಿಗುವುದಿತ್ತು. ಸಾಲ ಕೊಡಲು ಬ್ಯಾಂಕು ಸಿದ್ಧವಿತ್ತು. ನಾನು ನಲವತ್ತು ದಿನ ಕೊಡಿರೆಂದು ಕೇಳಿದೆ. ಮಾರುವವರು ಮುಂಗಡವಾಗಿ ಹತ್ತು ಸಾವಿರ ಪಡೆದರು. ವ್ಯವಹಾರ ಮುರಿದರೆ ಅದು ಹಿಂದಕ್ಕೆ ಬರುವುದಿಲ್ಲವೆಂಬ ಮಾತಿನ ಮೇಲೆ. ಸಭೆಯ ಹಿರಿಯರೊಬ್ಬರು, “ಕರ್ತನು ತೆರೆದ ಬಾಗಿಲನ್ನು ನೀವೇ ಮುಚ್ಚಿಕೊಳ್ಳುತ್ತಿದ್ದೀರಿ” ಎಂದರು. ತಮ್ಮನಂತೂ, “ಅಣ್ಣಾ, ಪ್ರಾರ್ಥನೆ ಮಾಡು, ಬೇಡ ಅನ್ನೋದಿಲ್ಲ, ಅದಕ್ಕೆ ನಲವತ್ತು ದಿನ ಯಾಕೆ?” ಎಂದು ಸಿಟ್ಟಾದನು.

ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ತೆಗೆದುಕೊಂಡೆ. ಎಡಪುಟ ಪ್ರಾರ್ಥನೆಗೆ, ಬಲಪುಟ ಲೆಕ್ಕಕ್ಕೆ. ಇದನ್ನು ಕಲಿತದ್ದು, ಹಾಳಾಗಿದ್ದ ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿಸಿದ ನೆಹೆಮೀಯನಿಂದ. ಅವನು ಕಿಸ್ಲೇವ್ ತಿಂಗಳಿನಿಂದ ನೈಸಾನ್ ತಿಂಗಳವರೆಗೆ, ಅಂದರೆ ನಾಲ್ಕು ತಿಂಗಳಿನಷ್ಟು ಕಾಲ, ಅತ್ತು ಉಪವಾಸವಿದ್ದು ಪ್ರಾರ್ಥಿಸಿದನು. ಆದರೆ ಅವನು ಸೇವೆಯಲ್ಲಿದ್ದ ಪರ್ಷಿಯದ ಅರಸನು ಏನು ಬೇಕೆಂದು ಕೇಳಿದ ಕೂಡಲೇ ಎಷ್ಟು ದಿನ ಬೇಕು, ಯಾರ ಹೆಸರಿಗೆ ಪತ್ರ ಬೇಕು, ಯಾವುದಕ್ಕೆಲ್ಲ ಮರ ಬೇಕು ಎಂಬುದೆಲ್ಲ ಅವನ ಬಾಯಲ್ಲಿ ಸಿದ್ಧವಿತ್ತು. ಹಾಗಾಗಿ ಲೆಕ್ಕ ಹಾಕುವುದು ಅವಿಶ್ವಾಸವೆಂದು ಹೇಳುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ.

ಮೊದಲ ಹದಿನೈದು ದಿನ ಯಂತ್ರದ ಬಗ್ಗೆ ಏನನ್ನೂ ಕೇಳಲಿಲ್ಲ. ನನ್ನ ಇಷ್ಟವನ್ನು ನನ್ನಿಂದ ತೆಗೆದುಹಾಕೆಂದು ಮಾತ್ರ ಬೇಡಿದೆ. ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥರನ್ನು ಸಾಕಿದ ಜಾರ್ಜ್ ಮುಲ್ಲರ್ ಅವರೂ ಇದನ್ನೇ ಮೊದಲಿಗೆ ಇಡುತ್ತಿದ್ದರು. ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗವೂ ಇದೇ. ಪ್ರತಿದಿನ ಬೆಳಿಗ್ಗೆ ಐದಕ್ಕೆ ಎದ್ದು, ‘ಯಂತ್ರ ಸಿಗದಿದ್ದರೆ ನನಗೆ ಹೇಗನ್ನಿಸುತ್ತದೆ’ ಎಂದು ಒಂದೇ ಸಾಲು ಬರೆಯುತ್ತಿದ್ದೆ. ಹನ್ನೊಂದನೆಯ ದಿನದವರೆಗೂ ಆ ಸಾಲಿನಲ್ಲಿ ಒಂದೇ ಉತ್ತರ: ಹೊಟ್ಟೆಯುರಿ. ಪಕ್ಕದ ಬೀದಿಯ ಪ್ರೆಸ್ಸಿನವರು ಅದನ್ನು ಕೊಂಡುಬಿಡುತ್ತಾರೆಂಬ ಭಯವನ್ನೇ ನಾನು ದೇವರ ಪ್ರೇರಣೆ ಎಂದುಕೊಂಡಿದ್ದೆನೆಂಬುದು ಆ ಕಾಗದದ ಮೇಲೆ ನನ್ನ ಕೈಬರಹದಲ್ಲೇ ಕಾಣಿಸಿತು.

ಹದಿನಾರನೆಯ ದಿನ ಪ್ರಶ್ನೆಯನ್ನು ಬರೆದೆ. ವಾಕ್ಯಕ್ಕಾಗಿ ಹುಡುಕಾಡದೆ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಿದೆ. ದಿನಕ್ಕೆ ಮೂರು ಸಲ, ಅಂದರೆ ಮುಂಜಾನೆ, ಮಧ್ಯಾಹ್ನ ಯಂತ್ರಗಳ ಸದ್ದಿನ ನಡುವೆ, ರಾತ್ರಿ ಮಲಗುವ ಮುನ್ನ, ಮನಸ್ಸಿನ ಸಮಾಧಾನಕ್ಕೆ ಗುರುತು ಹಾಕಿದೆ. ರಾತ್ರಿಯ ಗುರುತುಗಳನ್ನು ನಂಬಬಾರದೆಂಬುದು ನನ್ನ ಅನುಭವ. ದಣಿದ ಮನಸ್ಸು ಎಲ್ಲವನ್ನೂ ಕತ್ತಲಾಗಿಯೇ ನೋಡುತ್ತದೆ. ಮಂಗಳೂರಿನ ಕಥೋಲಿಕ ಗೆಳೆಯರೊಬ್ಬರು, ಮನಸ್ಸು ಕುಗ್ಗಿರುವಾಗ ಹಿಂದಿನ ತೀರ್ಮಾನವನ್ನು ಬದಲಿಸಬೇಡವೆಂದು ಲೊಯೊಲಾದ ಸಂತ ಇಗ್ನೇಷಿಯಸರು ಕಲಿಸಿದ್ದಾರೆಂದು ಹೇಳಿದಾಗ ನನಗೆ ಬಹಳ ಸಂತೋಷವಾಯಿತು. ಕೊನೆಯ ಮೂರು ದಿನ ನಾನು ದೇವರಲ್ಲಿ ಕೇಳುವ ಪ್ರಶ್ನೆಯೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಲವತ್ತು ದಿನ ನೋಟುಪುಸ್ತಕ ಬರೆದು ತೋರಿಸಿದವರಿಗೆ ಎದುರಿಗೆ ಕೂತು ಹೇಳುತ್ತೇನೆ. ಈವರೆಗೆ ಮೂವರಿಗೆ ಹೇಳಿದ್ದೇನೆ.

ಹೆಂಡತಿಯೂ ಬೇರೆಯಾಗಿ ಪ್ರಾರ್ಥಿಸುತ್ತಿದ್ದಳು. ಆ ದಿನಗಳಲ್ಲಿ ಈ ವಿಷಯವನ್ನು ಇಬ್ಬರೂ ಮಾತಾಡಬಾರದೆಂದು ಒಪ್ಪಿಕೊಂಡಿದ್ದೆವು. ನಲವತ್ತನೆಯ ದಿನ ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಅಂಟಿಸಿಟ್ಟಿದ್ದ ಎರಡು ಲಕೋಟೆಗಳನ್ನು ಒಡೆದೆವು. ನನ್ನದರಲ್ಲಿ ‘ಬೇಡ, ಆದರೆ ಏಕೆಂದು ತಿಳಿಯದು’ ಎಂದಿತ್ತು. ಅವಳು ಲಗ್ನಪತ್ರಿಕೆಯ ಹಾಳಾದ ಪ್ರೂಫಿನ ಬೆನ್ನಿಗೆ, ‘ಛಾಪಿಸುವ ಯಂತ್ರ ಬೇಡ. ಕಟಿಂಗ್, ಬೈಂಡಿಂಗ್ ಕೆಲಸ ಹೊರಗೆ ಕೊಡುತ್ತಿದ್ದೇವೆ, ಅದನ್ನು ನೋಡಿರಿ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು. ಬಲಪುಟವನ್ನು ತಿರುಗಿಸಿ ನೋಡಿದರೆ ಹೊರಗಿನ ಬೈಂಡಿಂಗಿಗೆ ತಿಂಗಳಿಗೆ ಹನ್ನೊಂದು ಹನ್ನೆರಡು ಸಾವಿರ ಹೋಗುತ್ತಿತ್ತು. ಆ ಅಂಕಿಯನ್ನು ನಾನೇ ಬರೆದಿದ್ದೆ, ಆದರೆ ಕಂಡಿರಲಿಲ್ಲ.

ಹತ್ತು ಸಾವಿರ ಮುಂಗಡ ಹೋಯಿತು. ಆರು ತಿಂಗಳಲ್ಲಿ ಲಾಕ್‌ಡೌನ್ ಬಂದು, 2020ರ ಮದುವೆಯ ಹಂಗಾಮಿನಲ್ಲಿ ಒಂದೂ ಲಗ್ನಪತ್ರಿಕೆ ಮುದ್ರಣಕ್ಕೆ ಬರಲಿಲ್ಲ. ಯಂತ್ರ ಕೊಂಡಿದ್ದರೆ ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ ಕಂತು ಕಟ್ಟಬೇಕಿತ್ತು. ನಮ್ಮ ಕ್ರಮಕ್ಕೆ ಇದನ್ನೇ ಸಾಕ್ಷಿಯೆಂದು ಜನ ಹೇಳುತ್ತಾರೆ. ನನಗೆ ಸಾಕ್ಷಿಯಾಗಿದ್ದು ಲಕೋಟೆ ಒಡೆದ ಆ ರಾತ್ರಿ. ಅಂದು ರೋಗದ ಸುದ್ದಿಯೇ ಇರಲಿಲ್ಲ, ಆದರೂ ನಾವಿಬ್ಬರೂ ನೆಮ್ಮದಿಯಾಗಿ ನಿದ್ದೆ ಮಾಡಿದೆವು.

2021ರಲ್ಲಿ ಎರಡನೆಯ ನೋಟುಪುಸ್ತಕ ಬರೆದು, ಸುಮಾರು ಮೂರೂಕಾಲು ಲಕ್ಷಕ್ಕೆ ಹಳೆಯ ಕಟಿಂಗ್ ಮಷಿನ್ನನ್ನೂ ಬೈಂಡಿಂಗಿನ ಸಾಮಾನನ್ನೂ ಕೊಂಡೆವು. ಶಾಲೆಯ ರಿಜಿಸ್ಟರು, ಫೈಲಿನ ರಟ್ಟು, ಸಭೆಯ ಸಂಗೀತ ಪುಸ್ತಕಗಳ ಹೊಲಿಗೆ ಎಂದು ಕೆಲಸ ಬಂತು. ಸಾಲದ ಕೊನೆಯ ಕಂತು 2023ರ ಕ್ರಿಸ್ಮಸ್ಸಿಗೆ ಮುಂಚೆಯೇ ತೀರಿತು. ಬಾಗಿಲು ಮುಚ್ಚಿಕೊಳ್ಳುತ್ತಿದ್ದೀರಿ ಎಂದಿದ್ದ ಹಿರಿಯರು ಕಳೆದ ವರ್ಷ ಮಗನ ಉದ್ಯೋಗದ ವಿಷಯಕ್ಕೆ ಒಂದು ನೋಟುಪುಸ್ತಕ ಕಟ್ಟಿಕೊಡಿರೆಂದು ತಾವೇ ಅಂಗಡಿಗೆ ಬಂದರು. ನಾನು ಹಣ ತೆಗೆದುಕೊಳ್ಳಲಿಲ್ಲ.

ಈಗ ಆರನೆಯದು ನಡೆಯುತ್ತಿದೆ. ಮಗಳಿಗೆ ಬಂದಿರುವ ಸಂಬಂಧದ ವಿಷಯ. ಅವಳೂ ತನ್ನದೊಂದು ನೋಟುಪುಸ್ತಕ ಬರೆಯುತ್ತಿದ್ದಾಳೆ. ಇಂದಿಗೆ ಹದಿನೇಳನೆಯ ದಿನ. ಬಲಪುಟಗಳು ತುಂಬಿವೆ, ಆದರೆ ಎಡಪುಟದಲ್ಲಿ ಇನ್ನೂ ನನ್ನ ಇಷ್ಟವೇ ಕಾಣುತ್ತಿದೆ. ಹಾಗಾಗಿ ಪ್ರಶ್ನೆಯನ್ನು ಇನ್ನೂ ಕೇಳಿಲ್ಲ.