ಮಗಳ ಅಲರ್ಜಿಗೆ ನಾನು ಬರೆದ ಕಿರ್ದಿ

ಈ ಸಲದ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕುಳಿತು ನನ್ನ ಮೂರು ವರ್ಷದ ಮಗಳು ಶೇಂಗಾ ಹೋಳಿಗೆ, ಗೋಧಿ ಹುಗ್ಗಿ, ಗಟ್ಟಿ ಮೊಸರು ಎಲ್ಲವನ್ನೂ ನಮ್ಮ ಜೊತೆಗೇ ಉಂಡಳು. ಒಂದೂವರೆ ವರ್ಷದ ಹಿಂದೆ ನನ್ನ ಕೈಗೆ ಬಂದಿದ್ದ ಅವಳ ಅಲರ್ಜಿಯ ರಕ್ತಪರೀಕ್ಷೆ ವರದಿಯನ್ನು ನಂಬಿಕೊಂಡಿದ್ದರೆ ಇವುಗಳಲ್ಲಿ ಒಂದೂ ಅವಳ ತಾಟಿಗೆ ಬೀಳುತ್ತಿರಲಿಲ್ಲ. ನಾನು ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಲೆಕ್ಕ ಬರೆಯುವ ದಿವಾನಜಿಯಾಗಿದ್ದೇನೆ. ಅಂಗಡಿಯ ಕೆಂಪು ಬಟ್ಟೆಯ ಪುಸ್ತಕದಂಥದ್ದೇ ಒಂದು ಪುಸ್ತಕ ತಂದು ಮಗಳ ಊಟದ ಕಿರ್ದಿ, ಅಂದರೆ ದಿನದಿನದ ಲೆಕ್ಕ, ಬರೆಯತೊಡಗಿದಾಗ ನನ್ನ ಭಾವನಿಂದ ಹಿಡಿದು ಓಣಿಯ ಔಷಧಿ ಅಂಗಡಿಯವನವರೆಗೆ ನಗದವರಿಲ್ಲ. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಮಕ್ಕಳಿಗೆ ಹೇಗೆ ಬರೆಯಬೇಕೆಂದು ಕೇಳಲು ಬಂದಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಘಟನೆ ನಡೆದಾಗ ಮಗಳಿಗೆ ಒಂದು ವರ್ಷ ಏಳು ತಿಂಗಳು. ನನ್ನ ತಂಗಿಯ ಬಾಣಂತನಕ್ಕೆಂದು ಮನೆಯಲ್ಲಿ ಅಂಟಿನ ಉಂಡಿ ಕಟ್ಟಿದ್ದರು, ಅವ್ವ ಅದರ ಒಂದು ಚೂರು ಮೊಮ್ಮಗಳ ಬಾಯಿಗೂ ಇಟ್ಟಳು. ಹತ್ತು ಹದಿನೈದು ನಿಮಿಷದೊಳಗೆ ತುಟಿ ಊದಿ, ಹೊಟ್ಟೆ ಬೆನ್ನಿನ ಮೇಲೆಲ್ಲ ಪಿತ್ತಗಂಧೆ ಎದ್ದವು. ಉಂಡಿಯೆಂದರೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬಾದಾಮಿ, ಗೋಡಂಬಿ, ಬೆಲ್ಲ, ತುಪ್ಪ. ಇಷ್ಟರಲ್ಲಿ ಕಳ್ಳ ಯಾರೆಂದು ಹೇಳುವುದು ಹೇಗೆ?

ನಾನು ಮಾಡಿದ ಮೊದಲ ತಪ್ಪು ಅವಸರ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಲ್ಯಾಬಿನವರಿಗೆ ತೊಂಬತ್ತೋ ನೂರೋ ಪದಾರ್ಥಗಳ ಪರೀಕ್ಷೆಯೆಂದು ಏಳೂವರೆ ಸಾವಿರ ರೂಪಾಯಿ ಕೊಟ್ಟೆ. ಬಂದದ್ದು ಐಜಿಜಿ ಎಂಬ ರಕ್ತದ ಪ್ರತಿಕಾಯದ ವರದಿ. ಮಗು ದಿನವೂ ತಿನ್ನುವ ಜೋಳ, ಅಕ್ಕಿ, ತೊಗರಿಬೇಳೆ ಎಲ್ಲದರ ಮುಂದೆಯೂ ಕೆಂಪು ಗೆರೆ. ಐಜಿಜಿ ಎನ್ನುವುದು ಮಗು ಆ ಪದಾರ್ಥವನ್ನು ತಿಂದಿದೆ ಎಂಬುದಕ್ಕೆ ಗುರುತೇ ಹೊರತು ಅಲರ್ಜಿಗೆ ಸಾಕ್ಷಿಯಲ್ಲ ಎಂದು ತಿಳಿಯುವಷ್ಟರಲ್ಲಿ ಹಣ ಹೋಗಿತ್ತು. ಆ ಮೇಲೆ ಬಾಗಲಕೋಟೆಯಲ್ಲಿ ಮಕ್ಕಳ ವೈದ್ಯರೊಬ್ಬರು ಬರೆದುಕೊಟ್ಟ ಐಜಿಇ ಪರೀಕ್ಷೆ, ಅಂದರೆ ಅಲರ್ಜಿಯಲ್ಲಿ ಏಳುವ ಪ್ರತಿಕಾಯದ ಪರೀಕ್ಷೆ, ಮಾಡಿಸಿದೆ, ಅದಕ್ಕೆ ಸುಮಾರು ಆರು ಸಾವಿರ. ನೆನಪಿನಿಂದ ಹೇಳುವುದಾದರೆ ಹಾಲು 1.1, ಗೋಧಿ 0.6, ಕಡಲೆ 0.9, ಶೇಂಗಾ 2.4, ಗೋಡಂಬಿ 3ರ ಹತ್ತಿರ, ಎಳ್ಳು 0.5 ಇದ್ದವು. ಒಟ್ಟು ಐಜಿಇ ಆರುನೂರು ದಾಟಿತ್ತು. 0.35 ದಾಟಿದ್ದಕ್ಕೆಲ್ಲ ಪಾಸಿಟಿವ್ ಎಂದು ಅಚ್ಚು ಹಾಕುತ್ತಾರೆಂಬುದು, ಚರ್ಮದ ತುರಿಕೆಯ ಮಕ್ಕಳಲ್ಲಿ ಒಟ್ಟು ಐಜಿಇ ಹೆಚ್ಚಿದ್ದಾಗ ಅಲರ್ಜಿಯಿಲ್ಲದ ಪದಾರ್ಥಗಳಿಗೂ ಇಂಥ ಸಣ್ಣ ಸಣ್ಣ ಪಾಸಿಟಿವ್‌ಗಳು ಸಾಲಾಗಿ ಬರುತ್ತವೆಂಬುದು ಈ ದಾರಿ ತುಳಿದವರಿಗೆಲ್ಲ ಗೊತ್ತಿದೆ. ನನಗೆ ಆಗ ಗೊತ್ತಿರಲಿಲ್ಲ. ಆರಕ್ಕೆ ಆರನ್ನೂ ನಿಲ್ಲಿಸಿದೆ.

ಗೋಧಿಯಿಲ್ಲ, ಹಾಲಿಲ್ಲ, ಶೇಂಗಾ ಹಿಂಡಿಯಿಲ್ಲ, ಪುಟಾಣಿಯಿಲ್ಲ, ಝುಣಕವಿಲ್ಲ ಎಂದ ಮೇಲೆ ನಮ್ಮ ಕಡೆಯ ಮಗುವಿನ ತಾಟಿನಲ್ಲಿ ಉಳಿಯುವುದೇನು? ಎರಡು ತಿಂಗಳಲ್ಲಿ 10.6 ಕಿಲೋ ಇದ್ದವಳು 9.8ಕ್ಕೆ ಇಳಿದಳು. ಹಸು, ಎಮ್ಮೆಯ ಹಾಲಿಗೆ ಬದಲಾಗಿ ಆಡಿನ ಹಾಲು ಕೊಡಿ ಎಂದು ಯಾರೋ ಹೇಳಿದರೆಂದು ಹುನಗುಂದದ ಕಡೆಯ ಕುರಿಗಾರರೊಬ್ಬರಿಂದ ಲೀಟರಿಗೆ ನೂರಿಪ್ಪತ್ತರಂತೆ ದಿನ ಬಿಟ್ಟು ದಿನ ತರಿಸಿದೆ. ಮೈಮೇಲಿನ ಕೆಂಪು ಕಡಿಮೆಯಾದಂತೆ ಕಂಡಿತು, ಆಡಿನ ಹಾಲು ಒಗ್ಗಿತೆಂದು ನಾಲ್ಕು ಜನರೆದುರು ಹೇಳಿಕೊಂಡು ತಿರುಗಿದೆ. ಹಸುವಿನ ಹಾಲಿನ ಪ್ರೋಟೀನಿಗೂ ಆಡಿನ ಹಾಲಿನದಕ್ಕೂ ಹೋಲಿಕೆ ಎಷ್ಟಿದೆಯೆಂದರೆ ನಿಜವಾಗಿ ಹಾಲಿನ ಅಲರ್ಜಿ ಇರುವ ಮಗುವಿಗೆ ಅದು ಸಹ ಸಾಮಾನ್ಯವಾಗಿ ಒಗ್ಗುವುದಿಲ್ಲ. ಅಲರ್ಜಿ ಇಲ್ಲದ ಮಗುವಿಗೆ ಅದರ ಅಗತ್ಯವೇ ಇಲ್ಲ. ಹೇಗೆ ನೋಡಿದರೂ ಆ ನಾಲ್ಕು ಸಾವಿರ ನೀರಿಗೆ ಹೋದ ಹಣ.

ತೂಕ ಇಳಿದ ದಿನವೇ ಕಿರ್ದಿ ಶುರು ಮಾಡಿದೆ. ಅಂಗಡಿಯಲ್ಲಿ ಮಾಡುವುದನ್ನೇ ಮಾಡಿದೆ. ಮುಂಜಾನೆಯಿಂದ ರಾತ್ರಿಯವರೆಗೆ ಬಾಯಿಗೆ ಹೋದ ಪ್ರತಿಯೊಂದೂ ಗಂಟೆ ನಿಮಿಷದ ಸಮೇತ ರೋಜು ಕಿರ್ದಿಯಲ್ಲಿ, ವಾರಕ್ಕೊಮ್ಮೆ ಅಲ್ಲಿಂದ ಎತ್ತಿ ಖತಾವಣಿ ಎಂಬ ಖಾತೆ ಪುಸ್ತಕದಲ್ಲಿ. ಖತಾವಣಿಯಲ್ಲಿ ಹಾಲಿಗೊಂದು ಪುಟ, ಗೋಧಿಗೊಂದು ಪುಟ, ಕೊಬ್ಬರಿಗೊಂದು ಪುಟ, ಜ್ವರ ನೆಗಡಿಗೂ ಒಂದು ಪುಟ. ಮೈಮೇಲೆ ಗಂಧೆ ಎದ್ದರೆ ಅದಕ್ಕೆ ಹಿಂದಿನ ಎರಡು ಗಂಟೆಯೊಳಗೆ ತಿಂದ ಪದಾರ್ಥಗಳ ಪುಟದಲ್ಲೆಲ್ಲ ಕೆಂಪು ಗುರುತು. ಬಹಳ ಜನ ಡೈರಿ ಬರೆಯುತ್ತಾರೆ, ನನಗೆ ಗೊತ್ತು. ಡೈರಿಯೆಂದರೆ ಬರೀ ಕಿರ್ದಿ, ಖಾತೆಗೆ ಎತ್ತದಿದ್ದರೆ ಬಾಕಿ ಕಾಣುವುದಿಲ್ಲ. ಇನ್ನೊಂದು, ವರದಿ ಬರುವ ಮುಂಚೆ ಮಗು ಏನೇನು ತಿನ್ನುತ್ತಿತ್ತು ಎಂಬುದನ್ನು ಹೆಂಡತಿ, ಅವ್ವ ಇಬ್ಬರನ್ನೂ ಕೂರಿಸಿಕೊಂಡು ನೆನೆಸಿ ಪ್ರತಿ ಪುಟದ ತಲೆಗೆ ಆರಂಭದ ಶಿಲ್ಕಾಗಿ ಬರೆದೆ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯನ್ನು ಅವಳು ಹತ್ತು ತಿಂಗಳಿನಿಂದಲೇ ಚೀಪುತ್ತಿದ್ದಳು ಎಂಬುದು ಆಗ ನೆನಪಾಯಿತು. ವರದಿಯ ಅಂಕಿ ನೋಡುವ ಗಡಿಬಿಡಿಯಲ್ಲಿ ನಮ್ಮ ಕಣ್ಣೆದುರಿಗಿದ್ದ ಎಂಟೊಂಬತ್ತು ತಿಂಗಳ ಲೆಕ್ಕವನ್ನು ನಾವೇ ಮರೆತಿದ್ದೆವು.

ಕಿರ್ದಿಯ ಮೊದಲ ತಿಂಗಳು ಏನೂ ತಾಳೆಯಾಗಲಿಲ್ಲ. ಗಂಧೆ ಎದ್ದ ದಿನ ತಿಂದದ್ದೇನೂ ಇಲ್ಲ, ಎಮ್ಮೆ ಕಟ್ಟುವ ಅಂಗಳದಿಂದ ಮಗು ಬಾಯಿ ಒರೆಸಿಕೊಂಡು ಬಂದರೂ ಪುಸ್ತಕದಲ್ಲಿ ಸೊನ್ನೆ. ಲೆಕ್ಕ ತಾಳೆಯಾಗದಿದ್ದರೆ ಎಲ್ಲೋ ಒಂದು ಚೀಟಿ ಬರೆಯದೆ ಉಳಿದಿದೆ ಎಂಬುದು ದಿವಾನಜಿಗೆ ತಿಳಿಯದೇ ಇರುತ್ತದೆಯೇ? ಅವ್ವ ದಿನವೂ ಸಂಜೆ ಒಂದು ಬಟ್ಟಲು ಎಮ್ಮೆಯ ಹಾಲು, ಆಗೀಗ ಅರ್ಧ ಚಪಾತಿ ಕದ್ದು ಕೊಡುತ್ತಿದ್ದಳು. “ಕೂಸು ಸೊರಗೇತಿ, ನಿನ್ನ ಕಾಗದ ಅದರ ಹೊಟ್ಟಿ ತುಂಬತೈತೇನು?” ಎಂದು ನನ್ನ ಮುಖಕ್ಕೇ ಹೇಳಿದಳು. ಅವಳಿಂದ ಒಪ್ಪಿಸಿಕೊಂಡದ್ದು ಹೇಗೆ, ಆ ಮೇಲೆ ಅವಳೇ ಹೊತ್ತು ನೋಡಿ ನನಗೆ ಲೆಕ್ಕ ಒಪ್ಪಿಸುವಂತೆ ಮಾಡಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅವಳಿಗೆ ಓದಿ ಹೇಳುತ್ತಾರೆ, ಆ ಉಪಾಯ ಅಲ್ಲಿಗೆ ಮುಗಿಯುತ್ತದೆ. ಅವಳು ಕದ್ದು ಕೊಟ್ಟ ಹಾಲೇ ನನಗೆ ಸಿಕ್ಕ ಗಟ್ಟಿ ಸಾಕ್ಷಿಯಾಯಿತು ಎಂಬುದನ್ನಂತೂ ಒಪ್ಪಲೇಬೇಕು. ಆಡಿನ ಹಾಲಿನಿಂದ ಮೈ ತಿಳಿಯಾಯಿತೆಂದು ನಾನು ಬೀಗುತ್ತಿದ್ದ ಆ ಅಷ್ಟೂ ದಿನ ಮಗು ಎಮ್ಮೆಯ ಹಾಲು ಕುಡಿಯುತ್ತಿತ್ತು.

ಈ ನಡುವೆ ಅಡ್ಡ ಪ್ರಯೋಗಗಳೂ ನಡೆದವು. ಮಗ್ಗದ ಮನೆಯ ನೂಲಿಗೆ ಹಚ್ಚುವ ಗಂಜಿಯ ಧೂಳಿನ ಮೇಲೆ ಅನುಮಾನ ಬಂದು ಹತ್ತು ದಿನ ಮಗುವನ್ನು ಆ ಕಡೆ ಬಿಡಲಿಲ್ಲ, ಏನೂ ಬದಲಾಗಲಿಲ್ಲ. ಟೊಮೆಟೊ ಸಾರು ಉಂಡಾಗಲೆಲ್ಲ ಬಾಯಿಯ ಸುತ್ತ ಕೆಂಪಾಗುತ್ತಿತ್ತು. ಉಣ್ಣಿಸುವ ಮೊದಲು ಬಾಯಿಯ ಸುತ್ತ ವ್ಯಾಸಲಿನ್ ಸವರಿದರೆ ಕೆಂಪಾಗಲಿಲ್ಲ, ಎಂದ ಮೇಲೆ ಅದು ಹುಳಿ ತಾಗಿದ ಉರಿಯೇ ಹೊರತು ಅಲರ್ಜಿಯಲ್ಲ. ಗಲ್ಲದ ಮೇಲೆ ಪದಾರ್ಥವನ್ನು ಸವರಿ ನೋಡುವ ಪರೀಕ್ಷೆಯನ್ನೂ ಮಾಡಿ ಬೈಸಿಕೊಂಡಿದ್ದೇನೆ, ಅದರಿಂದ ಏನೂ ತಿಳಿಯುವುದಿಲ್ಲ, ಯಾರೂ ಮಾಡಬೇಡಿ. ಜ್ವರದ ಪುಟದಿಂದ ಮಾತ್ರ ನಿಜಕ್ಕೂ ಲಾಭವಾಯಿತು. ಗೋಧಿಯ ಪುಟದಲ್ಲಿದ್ದ ಮೂರು ಕೆಂಪು ಗುರುತುಗಳಲ್ಲಿ ಎರಡು ನೆಗಡಿ ಜ್ವರದ ದಿನಗಳವು. ಸಣ್ಣ ಮಕ್ಕಳಿಗೆ ವೈರಲ್ ಜ್ವರದಲ್ಲಿ ಬರೀ ಜ್ವರದಿಂದಲೇ ಗಂಧೆ ಏಳುವುದುಂಟು.

ದೀಪಾವಳಿಯ ಅಂಗಡಿ ಪೂಜೆಯ ದಿನ ಎರಡನೆಯ ಘಟನೆ ನಡೆಯಿತು. ಗಿರಾಕಿಯೊಬ್ಬರು ಪ್ರೀತಿಯಿಂದ ಗೋಡಂಬಿ ಬರ್ಫಿಯ ಉಗುರಿನಷ್ಟು ಚೂರನ್ನು ಮಗುವಿನ ಕೈಗಿಟ್ಟರು. ಏಳೆಂಟು ನಿಮಿಷಕ್ಕೆ ಎರಡು ಸಲ ವಾಂತಿ, ಮೈಯೆಲ್ಲ ಗಂಧೆ, ಕೆಮ್ಮು. ಆಸ್ಪತ್ರೆಗೆ ಓಡಿದೆವು, ಚುಚ್ಚುಮದ್ದು ಕೊಟ್ಟು ರಾತ್ರಿಯವರೆಗೆ ಇಟ್ಟುಕೊಂಡರು. ಮರುದಿನ ಕಣ್ಣು ಕೆಂಪಾಗಿದ್ದರೂ ಕುಳಿತು ಖಾತೆಗೆ ಎತ್ತಿದೆ. ಉಂಡಿಯಲ್ಲಿದ್ದ ಕೊಬ್ಬರಿ, ಉತ್ತತ್ತಿ, ಗಸಗಸೆ, ಬಾದಾಮಿ, ತುಪ್ಪ ಎಲ್ಲವಕ್ಕೂ ಬೇರೆ ದಿನಗಳ ನಮೂದುಗಳಿದ್ದವು, ಯಾವ ತೊಂದರೆಯೂ ಇಲ್ಲದೆ. ಗೋಡಂಬಿಯ ಪುಟದಲ್ಲಿದ್ದದ್ದು ಎರಡೇ ನಮೂದು, ಎರಡೂ ಕೆಂಪು. ರಕ್ತದ ವರದಿಯಲ್ಲಿ ಶೇಂಗಾಕ್ಕೂ ಗೋಡಂಬಿಗೂ ಹೆಚ್ಚು ಅಂತರವಿರಲಿಲ್ಲ, ಖತಾವಣಿಯಲ್ಲಿ ಹಗಲು ರಾತ್ರಿಯಷ್ಟು ಅಂತರ.

ಬೆಳಗಾವಿಯ ಅಲರ್ಜಿ ವೈದ್ಯರ ಬಳಿಗೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಚರ್ಮದ ಚುಚ್ಚು ಪರೀಕ್ಷೆಗೆ ಎರಡು ದಿನ ಮುಂಚೆ ತುರಿಕೆಗೆಂದು ನಾನೇ ಸೆಟ್ರಿಜಿನ್ ಎಂಬ ಅಲರ್ಜಿ ತಡೆಯುವ ಔಷಧಿ ಕುಡಿಸಿದ್ದೆ. ಎಲ್ಲರಿಗೂ ಉಬ್ಬಬೇಕಾದ, ಹಿಸ್ಟಮೀನ್ ಹಾಕಿದ ಜಾಗವೇ ಉಬ್ಬಲಿಲ್ಲ. ಪರೀಕ್ಷೆ ವ್ಯರ್ಥ, ಬಸ್ಸು, ಊಟ, ಶುಲ್ಕ ಸೇರಿ ಐದು ಸಾವಿರ ಹೋಯಿತು. ಔಷಧಿಯನ್ನು ವಾರದ ಮುಂಚೆಯೇ ನಿಲ್ಲಿಸಬೇಕಿತ್ತು. ಎರಡನೆಯ ಸಲ ಗೋಡಂಬಿ, ಪಿಸ್ತಾ ಎರಡೂ ದೊಡ್ಡದಾಗಿ ಉಬ್ಬಿದವು, ಶೇಂಗಾ ಮಾತ್ರ ಪಾಸಿಟಿವ್ ಎನ್ನುವ ಮೂರು ಮಿಲಿಮೀಟರಿನ ಗಡಿಯಲ್ಲಿ ನಿಂತಿತು. ಮತ್ತೆ ಅಸ್ಪಷ್ಟ! ಆಗ ನಾನು ಚೀಲದಿಂದ ಖತಾವಣಿ ತೆಗೆದು ಮೇಜಿನ ಮೇಲಿಟ್ಟೆ. ವೈದ್ಯರು ಮೊದಲು ನಕ್ಕರು, ಆ ಮೇಲೆ ಇಪ್ಪತ್ತು ನಿಮಿಷ ಒಂದೊಂದೇ ಪುಟ ತಿರುಗಿಸಿ, ಇಷ್ಟು ವರ್ಷಗಳಲ್ಲಿ ಇಂಥ ದಾಖಲೆ ನೋಡಿಲ್ಲವೆಂದರು. ಇದನ್ನು ನಾನು ಇಳಕಲ್ಲಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೆಂದು ಹೆಂಡತಿಯನ್ನು ಕೇಳಿ.

ಹಾಲು, ಗೋಧಿ, ಕಡಲೆ, ಎಳ್ಳನ್ನು ಅವರು ಹೇಳಿದ ಕ್ರಮದಲ್ಲಿ ಒಂದೊಂದಾಗಿ, ಒಂದಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ದಿನ ಬಿಟ್ಟು ಮನೆಯಲ್ಲೇ ಮರಳಿ ಕೊಟ್ಟೆವು. ಶೇಂಗಾವನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ ಎಂದರು. ತಿಂಗಳುಗಟ್ಟಲೆ ಬಿಟ್ಟ ಮೇಲೆ ಮೊದಲು ಒಗ್ಗುತ್ತಿದ್ದದ್ದೂ ತಿರುಗಿ ಬೀಳಬಹುದು, ಆದ್ದರಿಂದ ಅದು ಆಸ್ಪತ್ರೆಯಲ್ಲಿಯೇ ಆಗಬೇಕು. ಗೊತ್ತುಮಾಡಿದ ಮೊದಲ ದಿನ ನೆಗಡಿಯೆಂದು ವಾಪಸು ಕಳಿಸಿದರು. ಎರಡನೆಯ ದಿನ ಸಾಸಿವೆಯಷ್ಟು ಶೇಂಗಾ ಪುಡಿಯಿಂದ ಶುರು ಮಾಡಿ, ಸುಮಾರು ಅರ್ಧ ಗಂಟೆಗೊಮ್ಮೆ ಹೆಚ್ಚಿಸುತ್ತ ಕೊನೆಗೆ ಏಳೆಂಟು ಕಾಳಿನಷ್ಟಾಯಿತು, ನಂತರ ಎರಡು ಗಂಟೆ ಕೂರಿಸಿದರು. ಮಗು ನಿದ್ದೆ ಹೋಯಿತು, ನನ್ನ ಅಂಗಿ ಮಾತ್ರ ಬೆವರಿನಿಂದ ತೊಯ್ದಿತ್ತು. ಆ ದಿನದ ಖರ್ಚು ನಾಲ್ಕು ಸಾವಿರದ ಆಜುಬಾಜು. ಎಲ್ಲ ಸೇರಿ ನಲವತ್ತು ಸಾವಿರ ದಾಟಿತು, ಅದರಲ್ಲಿ ಅರ್ಧದಷ್ಟು ನನ್ನ ಅವಸರದ ದಂಡ. ಪುಸ್ತಕಗಳಿಗೆ ಬಿದ್ದದ್ದು ನೂರಾ ಎಂಬತ್ತು ರೂಪಾಯಿ.

ಈಗ ವಾರಕ್ಕೆರಡು ಮೂರು ಸಲ ಶೇಂಗಾ ತಪ್ಪದೆ ಕೊಡುತ್ತೇವೆ, ಬಿಡಬಾರದೆಂದು ಅಪ್ಪಣೆಯಾಗಿದೆ. ಗೋಡಂಬಿ, ಪಿಸ್ತಾ ಮನೆಯೊಳಗೆ ಬರುವುದಿಲ್ಲ. ಅಲರ್ಜಿ ಜೋರಾದರೆ ಚುಚ್ಚಬೇಕಾದ ಅಡ್ರಿನಲಿನ್ ಆಂಪುಲ್, ಸಿರಿಂಜು, ಅವಳ ತೂಕಕ್ಕೆ ವೈದ್ಯರು ಬರೆದುಕೊಟ್ಟ ಪ್ರಮಾಣದ ಚೀಟಿ ಒಂದೇ ಡಬ್ಬಿಯಲ್ಲಿವೆ. ತೊಡೆಗೆ ಚುಚ್ಚುವುದನ್ನು ನಾನು, ಹೆಂಡತಿ, ಅವ್ವ ಮೂವರೂ ಅವರ ಎದುರಿಗೇ ಕಲಿತೆವು. ನಮ್ಮ ಬೇಸಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿಟ್ಟರೆ ಆ ಔಷಧಿ ಕೆಡುತ್ತದೆ, ಆದ್ದರಿಂದ ಮಗು ಎಲ್ಲಿಗೆ ಹೋದರೂ ಡಬ್ಬಿ ಅವ್ವನ ಸೊಂಟದ ಚೀಲದಲ್ಲಿ ಹೋಗುತ್ತದೆ. ಮೊನ್ನೆ ಮದುವೆಯೊಂದರಲ್ಲಿ ಯಾರೋ ಮಗುವಿನ ಕೈಗೆ ಬರ್ಫಿ ಕೊಡಲು ಬಂದಾಗ ಅವ್ವ ನಡುವೆ ಕೈ ಹಾಕಿ, ಅದರಲ್ಲಿ ಏನೇನು ಹಾಕಿದ್ದೀರೆಂದು ಅಡುಗೆಯವರನ್ನೇ ಕರೆಸಿ ಕೇಳಿದಳು. ಮನೆಗೆ ಬಂದವಳೇ ಹೊತ್ತು ಸಮೇತ ಕಿರ್ದಿಯಲ್ಲಿ ಬರೆಸಿದಳು.