ಮೊದಲು ಕಿಟಕಿ ಮುಚ್ಚು, ಆಮೇಲೆ ಪ್ರಾರ್ಥನೆ

ತುಂಬಾ ವರ್ಷ ನನಗೆ ದಾನಧರ್ಮ ಅಂದರೆ ಕಾಣಿಕೆ ಪೆಟ್ಟಿಗೆ ಅಷ್ಟೇ. ಭಾನುವಾರ ಹಾಕಿದೆ, ಮುಗೀತು. ಯಾರಾದರೂ ಕಷ್ಟ ಹೇಳಿಕೊಂಡರೆ "ಪ್ರಾರ್ಥನೆ ಮಾಡ್ತೀನಿ" ಅನ್ನುತ್ತಿದ್ದೆ, ಎಷ್ಟೋ ಸಲ ಅದನ್ನೂ ಮರೆಯುತ್ತಿದ್ದೆ.

ಆಮೇಲೆ ನಮ್ಮ ಚರ್ಚಿನ ಹಿರಿಯರೊಬ್ಬರು ಹಾಸಿಗೆ ಹಿಡಿದರು. ಹೋಗಿ ನೋಡಿಕೊಂಡು ಬಾ ಅಂದರು ಪಾಸ್ಟರ್. ಹೋದೆ, ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದೆ. ನಡುವೆಯೇ ತಾತ, "ಏನಪ್ಪಾ, ಮೊದಲು ಆ ಕಿಟಕಿ ಮುಚ್ಚು, ಚಳಿ ಆಗ್ತಿದೆ" ಅಂದರು. ಬಟ್ಟೆ ಇಲ್ಲದವನಿಗೆ ಬರೀ 'ಹೋಗು, ಬೆಚ್ಚಗಿರು' ಅಂದರೆ ಏನು ಬಂತು ಅಂತ ಬೈಬಲಿನ ಯಾಕೋಬನ ಪತ್ರದ 2ನೇ ಅಧ್ಯಾಯ ಕೇಳುತ್ತದಲ್ವಾ, ಅದನ್ನ ನೂರು ಸಲ ಓದಿದ್ದೆ, ಆದರೂ ಅದು ನನ್ನನ್ನೇ ಕೇಳುತ್ತಿದೆ ಅಂತ ಅನ್ನಿಸಿದ್ದು ಕಿಟಕಿಯ ಚಿಲಕ ಹಾಕುವಾಗಲೇ.

ಅವತ್ತಿಂದ ಪ್ರತಿ ಗುರುವಾರ ಸಂಜೆ ಹೋಗುತ್ತೇನೆ. ದಿನ ಗೊತ್ತುಮಾಡಿಕೊಂಡದ್ದೇ ಒಳ್ಳೆಯದಾಯಿತು, ಮನಸ್ಸು ಬಂದಾಗ ಹೋಗೋಣ ಅಂದುಕೊಂಡಿದ್ದರೆ ನನ್ನ ಮನಸ್ಸು ತಿಂಗಳಿಗೊಮ್ಮೆಯೂ ಬರುತ್ತಿರಲಿಲ್ಲ. ದೊಡ್ಡ ಕೆಲಸವೇನಿಲ್ಲ. ದಿಂಬು ಸರಿ ಮಾಡುವುದು, ಉಗುರು ಕತ್ತರಿಸುವುದು, ಹೇಳಿದ್ದೇ ಕಥೆಯನ್ನ ಇನ್ನೊಮ್ಮೆ ಕೇಳುವುದು. ಕೊನೆಯದ್ದೇ ಕಷ್ಟ. ಯೇಸುವಿನ ಸಂದೇಶ ಸಾರಿದ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯದಲ್ಲಿ ಪ್ರೀತಿಯ ಗುಣಗಳನ್ನ ಹೇಳುವಾಗ ತಾಳ್ಮೆಯನ್ನೇ ಮೊದಲು ಯಾಕೆ ಇಟ್ಟ ಅಂತ ಈಗ ಗೊತ್ತು! ಅಲ್ಲಿ ಪ್ರೀತಿಗೆ ಇರುವ ಗ್ರೀಕ್ ಪದ ಅಗಾಪೆ. 1611ರ ಇಂಗ್ಲಿಷ್ ಬೈಬಲ್ ಅದನ್ನ 'ಚಾರಿಟಿ' ಅಂದಿತು, ನಮ್ಮ ಕನ್ನಡ ಬೈಬಲ್ ನೇರವಾಗಿ ಪ್ರೀತಿ ಅಂತಲೇ ಅನ್ನುತ್ತದೆ. ಇದ್ದದ್ದನ್ನೆಲ್ಲಾ ಹಂಚಿದರೂ ಪ್ರೀತಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಅನ್ನುವ ಮಾತೂ ಅದೇ ಅಧ್ಯಾಯದ್ದು, ಕಾಣಿಕೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ ನನಗೆ ಸರಿಯಾಗಿ ತಾಗಿತು.

ಒಂದು ತಪ್ಪೂ ಮಾಡಿದೆ. ಪ್ರಾರ್ಥನಾ ಕೂಟದಲ್ಲಿ, ದೇವರು ನನ್ನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವ ನೆಪದಲ್ಲಿ ಇದನ್ನೆಲ್ಲಾ ಬಣ್ಣಿಸಿದೆ. ತಾತನ ಕಿವಿಗೆ ಬಿತ್ತು. ಮುಂದಿನ ಗುರುವಾರ ಮುಖ ಗೋಡೆ ಕಡೆ ತಿರುಗಿಸಿ ಮಲಗಿದ್ದರು, ಒಂದು ಮಾತಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಅಂತ ಯೇಸು ಹೇಳಿದ್ದು ಕೊಡುವವನ ಒಳ್ಳೆಯದಕ್ಕೆ ಅಂದುಕೊಂಡಿದ್ದೆ. ತೆಗೆದುಕೊಳ್ಳುವವರಿಗೂ ಮಾನ ಇದೆ ಅನ್ನುವುದು ಹೊಳೆದಿರಲೇ ಇಲ್ಲ. ಕ್ಷಮೆ ಕೇಳಿದೆ. ಎರಡು ವಾರ ಬಿಟ್ಟು ಮಾತಾಡಿದರು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ರೋಗಿಯ ಜಾಗದಲ್ಲಿ ತನ್ನನ್ನೇ ಇಟ್ಟು ಮಾತಾಡುವ ಯೇಸು 'ನನ್ನ ರೋಗ ವಾಸಿ ಮಾಡಿದಿರಿ' ಅನ್ನುವುದಿಲ್ಲ, ನೋಡಲು ಬಂದಿರಿ ಅನ್ನುತ್ತಾನೆ. ನನ್ನಂಥವನಿಗೂ ಆಗುವ ಕೆಲಸ ಅದು. ಹೋದ ವಾರ ಹೆಬ್ಬೆರಳಿನ ಉಗುರು ಕತ್ತರಿಸುವಾಗ ಚೂರು ಚರ್ಮ ತಾಗಿ ಚೆನ್ನಾಗಿ ಬೈಸಿಕೊಂಡೆ. ಈ ಸಲ ಕನ್ನಡಕ ಮರೆಯದೆ ಒಯ್ಯಬೇಕು.