ಮನುಷ್ಯಕುಲ ಬಾಹ್ಯಾಕಾಶ ಸೇರುವವರೆಗೆ ಉಳಿಯುತ್ತದೆಯೇ? ಒಂದು ಹಾಳೆಯಲ್ಲಿ ನೀವೇ ಲೆಕ್ಕ ಹಾಕಿ ನೋಡಿ

ದೊಡ್ಡ ಯಂತ್ರಗಳು ಎಷ್ಟು ದಿನ ಕೆಡದೆ ಓಡುತ್ತವೆ ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ಪಂಪು, ವಾಲ್ವು, ಟರ್ಬೈನು, ಇಂಥವು. 'ಇದು ಬಾಳಿಕೆ ಬರುತ್ತಾ?' ಎಂದು ಕೇಳಿದರೆ ನಮ್ಮಲ್ಲಿ ಹೌದು, ಇಲ್ಲ ಎಂದು ಹೇಳಿ ಮುಗಿಸುವ ಹಾಗಿಲ್ಲ. ಎಷ್ಟು ವರ್ಷ ಓಡಬೇಕು? ಒಂದು ವರ್ಷದಲ್ಲಿ ಕೆಡುವ ಸಂಭವ ಎಷ್ಟು? ಈ ಎರಡು ಸಂಖ್ಯೆ ಮೊದಲು ಬೇಕು.

ಬಾಹ್ಯಾಕಾಶಕ್ಕೆ ಹಬ್ಬುವಷ್ಟು ಮುಂದುವರಿದ ನಾಗರಿಕತೆ ಆಗುವವರೆಗೆ ಮನುಷ್ಯಕುಲ ಉಳಿಯುತ್ತದೆಯೇ ಎಂಬ ಪ್ರಶ್ನೆಗೂ ನಾನು ಅದೇ ಹಾಳೆ ತೆಗೆಯುತ್ತೇನೆ. ಈ ವಿಷಯದಲ್ಲಿ ಕೆಲವರಿಗೆ ನಾಳೆಯೇ ಪ್ರಳಯ. ಇನ್ನು ಕೆಲವರಿಗೆ ರಾಕೆಟ್ ಹಾರಿದರೆ ಎಲ್ಲ ಸರಿ. ಇಬ್ಬರ ಜೊತೆಗೂ ವಾದ ಮಾಡುವುದಕ್ಕಿಂತ ಲೆಕ್ಕ ಮಾಡುವುದು ಸುಲಭ. ಹಾಳೆ, ಪೆನ್ಸಿಲ್, ಘಾತ ಹಾಕಲು ಬರುವ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಗುರಿ ಬರೆಯಿರಿ. 'ಮುಂದುವರಿದ ನಾಗರಿಕತೆ' ಎಂದು ಸುಮ್ನೆ ಬರೆದರೆ ಅಳೆಯಲು ಆಗುವುದಿಲ್ಲ. ಸೋವಿಯತ್ ಖಗೋಳ ವಿಜ್ಞಾನಿ ನಿಕೊಲಾಯ್ ಕಾರ್ದಶೇವ್ 1964ರಲ್ಲಿ ಒಂದು ಅಳತೆಗೋಲು ಕೊಟ್ಟರು. ನಾಗರಿಕತೆ ಎಷ್ಟು ಶಕ್ತಿ ಬಳಸುತ್ತದೆ ಎಂದು ನೋಡುವುದು. ಆಮೇಲೆ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಅದಕ್ಕೆ ಒಂದು ಸೂತ್ರ ಹಾಕಿದರು. ಅದರ ಪ್ರಕಾರ ಮೊದಲ ಮೆಟ್ಟಿಲಿಗೆ 10,000 ಟೆರಾವ್ಯಾಟ್ ಬೇಕು (ಒಂದು ಟೆರಾವ್ಯಾಟ್ ಎಂದರೆ ಲಕ್ಷ ಕೋಟಿ ವ್ಯಾಟ್). ನಾವೀಗ ಬಳಸುವುದು ಸುಮಾರು 20. ಅಂದರೆ 500 ಪಟ್ಟು ಬೆಳೆಯಬೇಕು. ಬಳಕೆ ವರ್ಷಕ್ಕೆ ಶೇ. 2ರಷ್ಟು ಏರಿದರೆ 300 ವರ್ಷಕ್ಕೆ ಸ್ವಲ್ಪ ಜಾಸ್ತಿ, ಶೇ. 1 ಆದರೆ 600ಕ್ಕೂ ಜಾಸ್ತಿ. ಶಕ್ತಿಯೊಂದೇ ಅಳತೆ ಹೇಗಾಗುತ್ತದೆ ಎಂದು ಜಗಳ ತೆಗೆಯಬಹುದು, ನನಗೂ ಆ ಅನುಮಾನ ಇದೆ. ಆದರೂ ಒಂದು ಸಂಖ್ಯೆ ಬೇಕಲ್ಲ. ನಾನು 300 ಎಂದು ಬರೆದಿದ್ದೇನೆ. ನಕ್ಷತ್ರ ತಲುಪುವುದೇ ನಿಮ್ಮ ಗುರಿಯಾದರೆ ಸಂಖ್ಯೆ ದೊಡ್ಡದಿರಲಿ. ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್ 1ರ ವೇಗದಲ್ಲಿ ಅತಿ ಹತ್ತಿರದ ನಕ್ಷತ್ರದಷ್ಟು ದೂರ ಹೋಗಲು ಸುಮಾರು 75,000 ವರ್ಷ ಬೇಕು.

ಈಗ ಅಪಾಯಗಳ ಸಾಲು. ಬರೆಯುವ ಮುಂಚೆ ಹಾಳೆಯಲ್ಲಿ ಎರಡು ಕಾಲಂ ಮಾಡಿ: 'ಬೀಳುವುದು', 'ಮುಗಿಯುವುದು'. ಹದಿನಾಲ್ಕನೇ ಶತಮಾನದ ಪ್ಲೇಗ್ ಯೂರೋಪಿನ ಮೂರನೇ ಒಂದರಷ್ಟಾದರೂ ಜನರನ್ನು ಕೊಂದಿತು. ಯೂರೋಪ್ ಬಿತ್ತು, ಮುಗಿಯಲಿಲ್ಲ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಎರಡನೇ ಕಾಲಂ ಮಾತ್ರ: ಎಲ್ಲರೂ ಅಳಿಯುವುದು, ಅಥವಾ ಮತ್ತೆ ಏಳಲಾಗದಂತೆ ಬೀಳುವುದು. ಚರ್ಚೆಗಳಲ್ಲಿ ಅರ್ಧ ಗೊಂದಲ ಈ ಎರಡನ್ನು ಬೆರೆಸುವುದರಿಂದಲೇ ಬರುತ್ತದೆ.

ಪ್ರಕೃತಿಯ ಅಪಾಯಗಳ ಸಾಲು ಬೇಗ ಮುಗಿಯುತ್ತದೆ. ಮನುಷ್ಯ ಎಂಬ ಜೀವಜಾತಿಗೆ ಈಗ ಸುಮಾರು 3 ಲಕ್ಷ ವರ್ಷ. ಕ್ಷುದ್ರಗ್ರಹ, ಜ್ವಾಲಾಮುಖಿ, ಸಹಜ ರೋಗ ಎಲ್ಲ ಸೇರಿ ವರ್ಷಕ್ಕೆ 10,000ದಲ್ಲಿ ಒಂದು ಸಂಭವ ಇದ್ದಿದ್ದರೆ ನಾವು ಇಷ್ಟು ಕಾಲ ಉಳಿಯುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಲಕ್ಷಕ್ಕೆ ಒಂದು ಎಂದು ಬರೆಯಿರಿ, ಅದೂ ಜಾಸ್ತಿಯೇ. 'ಉಳಿದವರು ಮಾತ್ರ ಲೆಕ್ಕ ಹಾಕುತ್ತಾರೆ, ಹಾಗಾಗಿ ಇದು ಮೋಸದ ಲೆಕ್ಕ' ಎಂದು ಯಾರಾದರೂ ಹೇಳಬಹುದು. ಒಳ್ಳೆಯ ಆಕ್ಷೇಪಣೆ. ಅದಕ್ಕೇ ಬೇರೆ ಪ್ರಾಣಿಗಳನ್ನೂ ನೋಡಬೇಕು. ಸಸ್ತನಿ ಜಾತಿಗಳ ಸರಾಸರಿ ಆಯಸ್ಸು ಹತ್ತು ಲಕ್ಷ ವರ್ಷದ ಆಸುಪಾಸು. ಆ ದಾರಿಯಲ್ಲಿ ಹೋದರೂ ದೊಡ್ಡ ಸಂಖ್ಯೆ ಬರುವುದಿಲ್ಲ.

ಕ್ಷುದ್ರಗ್ರಹದ ಬಗ್ಗೆ ಎಲ್ಲರಿಗೂ ಮಾತಾಡಲು ಇಷ್ಟ, ಚಿತ್ರ ಚೆನ್ನಾಗಿರುತ್ತದೆ ಅಲ್ವಾ. ಆದರೆ ನಾವು ಅತಿ ಚೆನ್ನಾಗಿ ಕೆಲಸ ಮಾಡಿರುವ ಸಾಲು ಅದೇ. ಭೂಮಿಯ ಸಮೀಪ ಸುತ್ತುವ, ಒಂದು ಕಿ.ಮೀ.ಗಿಂತ ದೊಡ್ಡ ಬಂಡೆಗಳಲ್ಲಿ ಶೇ. 90ಕ್ಕೂ ಹೆಚ್ಚು ಪತ್ತೆಯಾಗಿವೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ ಡೈಮಾರ್ಫಸ್ ಎಂಬ ಸಣ್ಣ ಬಂಡೆಗೆ ಬೇಕೆಂದೇ ಡಿಕ್ಕಿ ಹೊಡೆದು ಅದರ ಸುತ್ತಿನ ಅವಧಿಯನ್ನು ಅರ್ಧ ಗಂಟೆಯಷ್ಟು ತಗ್ಗಿಸಿತು. ಮುಂದಿನ ಸಾಲಿಗೆ ಹೋಗಿ.

ಕಷ್ಟ ಇರುವುದು ನಾವೇ ತಂದುಕೊಂಡ ಅಪಾಯಗಳಲ್ಲಿ. ಇವಕ್ಕೆ ಲಕ್ಷ ವರ್ಷಗಳ ದಾಖಲೆ ಇಲ್ಲ. ಹೊಸ ಯಂತ್ರದ ವಿಷಯದಲ್ಲೂ ನಮಗೆ ಇದೇ ತೊಂದರೆ. ಇನ್ನೂ ಒಮ್ಮೆಯೂ ಕೆಟ್ಟಿಲ್ಲ, ಹಾಗಾದರೆ ಸಂಭವ ಎಷ್ಟು? ಆಗ ನಾವು ಕೂದಲೆಳೆಯಲ್ಲಿ ತಪ್ಪಿದ ಘಟನೆಗಳ ರಿಜಿಸ್ಟರ್ ತೆರೆಯುತ್ತೇವೆ. ಪರಮಾಣು ಯುದ್ಧದ ರಿಜಿಸ್ಟರ್ ಓದಿದರೆ ನಿದ್ದೆ ಬರುವುದಿಲ್ಲ. 1962ರ ಅಕ್ಟೋಬರ್ 27ರಂದು ಕ್ಯೂಬಾ ಹತ್ತಿರ ನೀರಿನಡಿ ಇದ್ದ ಸೋವಿಯತ್ ಜಲಾಂತರ್ಗಾಮಿ ಬಿ-59ರಲ್ಲಿ ಪರಮಾಣು ಟಾರ್ಪಿಡೊ ಇತ್ತು. ಮೇಲಿನಿಂದ ಅಮೆರಿಕದ ಹಡಗುಗಳು ಎಚ್ಚರಿಕೆಯ ಸಣ್ಣ ಸಿಡಿಮದ್ದು ಎಸೆಯುತ್ತಿದ್ದವು. ಟಾರ್ಪಿಡೊ ಬಿಡುವುದು ಬೇಡ ಎಂದು ತಡೆದವರು ಅದರಲ್ಲಿದ್ದ ಅಧಿಕಾರಿ ವಾಸಿಲಿ ಅರ್ಖಿಪೊವ್. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಎಚ್ಚರಿಸಿತು. ಇದು ಸುಳ್ಳು ಎಚ್ಚರಿಕೆ ಎಂದು ನಿರ್ಧರಿಸಿದವರು ಕರ್ತವ್ಯದಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೊವ್. 1995ರ ಜನವರಿ 25ರಂದು ನಾರ್ವೆಯಿಂದ ಹಾರಿದ್ದು ಉತ್ತರ ಧ್ರುವಪ್ರಭೆ ನೋಡಲು ಬಿಟ್ಟ ರಾಕೆಟ್. ಮೊದಲೇ ತಿಳಿಸಿದ್ದರೂ ಸುದ್ದಿ ರಷ್ಯಾದ ರೇಡಾರ್ ಸಿಬ್ಬಂದಿಗೆ ಮುಟ್ಟಿರಲಿಲ್ಲ. ರಷ್ಯಾದ ಆಗಿನ ಅಧ್ಯಕ್ಷ ಯೆಲ್ಟ್ಸಿನ್ ಮುಂದೆ, ಪರಮಾಣು ದಾಳಿಗೆ ಆದೇಶ ಕೊಡುವ ಪೆಟ್ಟಿಗೆ ತೆರೆಯಿತು.

ಇಂಥ ಘಟನೆ ಸಿಕ್ಕಾಗ ನಾನು ಮೊದಲು ಕೇಳುವುದು, ತಡೆದದ್ದು ಯಾವುದು? ಯಂತ್ರವೇ, ನಿಯಮವೇ, ಅಥವಾ ಆ ದಿನದ ಪಾಳಿಯಲ್ಲಿದ್ದ ಒಬ್ಬ ಮನುಷ್ಯನ ವಿವೇಕವೇ? ಕೊನೆಯದಾದರೆ ನಾವು ಆ ಸಾಲಿಗೆ ಕೆಂಪು ಗುರುತು ಹಾಕುತ್ತೇವೆ. ಮುಂದಿನ ಪಾಳಿಗೆ ಯಾರು ಬರುತ್ತಾರೋ ಗೊತ್ತಿಲ್ಲವಲ್ಲ.

ಸಂಖ್ಯೆ ಹಾಕುವಾಗ ಎರಡು ಭಾಗ ಮಾಡಿ. ಯುದ್ಧ ಆಗುವ ಸಂಭವ ವರ್ಷಕ್ಕೆ 200ರಲ್ಲಿ ಒಂದು, ಆದರೆ ಅದು ಎಲ್ಲವನ್ನೂ ಮುಗಿಸುವ ಸಂಭವ 20ರಲ್ಲಿ ಒಂದು ಎಂದಿಟ್ಟುಕೊಳ್ಳಿ. ಗುಣಿಸಿದರೆ 4,000ದಲ್ಲಿ ಒಂದು. ಇವು ನನ್ನ ಊಹೆಗಳು, ನಿಮ್ಮವು ಬೇರೆ ಇರಲಿ.

ರೋಗಾಣುಗಳ ಸಾಲಿನಲ್ಲಿ ಸಿಡುಬಿನ ಕಥೆ ನೆನಪಿರಲಿ. ಸಹಜವಾಗಿ ಬಂದ ಕೊನೆಯ ಪ್ರಕರಣ 1977ರಲ್ಲಿ, ಸೊಮಾಲಿಯಾದಲ್ಲಿ. ಆದರೆ ಸಿಡುಬಿನಿಂದ ಕೊನೆಯ ಸಾವು ಆದದ್ದು ಮರುವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಸತ್ತ ಮಹಿಳೆ ಕೆಲಸ ಮಾಡುತ್ತಿದ್ದ ಕಟ್ಟಡದಲ್ಲೇ ಸಿಡುಬಿನ ಪ್ರಯೋಗಾಲಯ ಇತ್ತು. ಕೃತಕ ಬುದ್ಧಿಮತ್ತೆಗೆ ಇಷ್ಟು ರಿಜಿಸ್ಟರ್ ಕೂಡ ಇಲ್ಲ. ಅಲ್ಲಿ ಒಂದು ಸಂಖ್ಯೆಯ ಬದಲು 'ಇಷ್ಟರಿಂದ ಇಷ್ಟು' ಎಂದು ಬರೆಯುವುದೇ ಪ್ರಾಮಾಣಿಕ. ನನ್ನ ಹಾಳೆಯ ಅತಿ ಅಗಲದ ಸಾಲು ಅದು. ಹವಾಮಾನ ಬದಲಾವಣೆ ನನ್ನ ಪ್ರಕಾರ ಬಹುಪಾಲು ಮೊದಲ ಕಾಲಂಗೆ ಸೇರಿದ್ದು. ಆದರೆ ಅದು ಯುದ್ಧದ ಸಾಲನ್ನು ಏರಿಸಬಲ್ಲದು, ಅದನ್ನು ಅಲ್ಲಿ ಸೇರಿಸಿ.

ಎಲ್ಲ ಕೂಡಿಸಿ ವರ್ಷದ ಒಟ್ಟು ಅಪಾಯ ತೆಗೆಯಿರಿ. ಅದನ್ನು ಒಂದರಿಂದ ಕಳೆದು, ಗುರಿಯ ವರ್ಷಗಳಷ್ಟು ಘಾತ ಹಾಕಿ. 300 ವರ್ಷಕ್ಕೆ, ನೂರರಲ್ಲಿ ಒಂದು ಅಪಾಯವಾದರೆ ಉಳಿಯುವ ಸಂಭವ ಶೇ. 5. ಸಾವಿರದಲ್ಲಿ ಒಂದಾದರೆ ಶೇ. 74. ಹತ್ತು ಸಾವಿರದಲ್ಲಿ ಒಂದಾದರೆ ಶೇ. 97.

ಇಲ್ಲಿ ಸ್ವಲ್ಪ ಆಟವಾಡಿ. ನೂರರಲ್ಲಿ ಒಂದು ಅಪಾಯ ಇಟ್ಟುಕೊಂಡೇ ಅವಸರ ಮಾಡಿ, ಗುರಿಯನ್ನು 200 ವರ್ಷಕ್ಕೆ ಇಳಿಸಿ. ಶೇ. 5 ಇದ್ದದ್ದು 13 ಆಗುತ್ತದೆ, ಅಷ್ಟೇ. ಅವಸರ ಬಿಟ್ಟು ಅಪಾಯವನ್ನು ಹತ್ತನೇ ಒಂದಕ್ಕೆ ಇಳಿಸಿದರೆ 74. ರಾಕೆಟ್ ಪ್ರಿಯರಿಗೆ ನಾನು ತೋರಿಸುವುದು ಈ ಎರಡು ಸಾಲುಗಳನ್ನೇ.

'ಮಂಗಳದಲ್ಲಿ ಒಂದು ಊರು ಕಟ್ಟಿದರೆ ಅಪಾಯ ಅರ್ಧವಾಗುವುದಿಲ್ಲವೇ?' ಎಂದು ಅವರು ಕೇಳುತ್ತಾರೆ. ಸ್ಪೇರ್ ಪಂಪು ಇದ್ದರೂ ಎರಡಕ್ಕೂ ಒಂದೇ ಕರೆಂಟ್ ಲೈನ್ ಇದ್ದರೆ ಅದನ್ನು ನಾವು ಸ್ಪೇರ್ ಎಂದು ಬರೆಯುವುದಿಲ್ಲ. ಮಂಗಳಕ್ಕೆ ಹೊರಡಲು ಅನುಕೂಲದ ಸಮಯ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಭೂಮಿ ನಿಂತರೆ ಬಿಡಿಭಾಗವೂ ನಿಲ್ಲುತ್ತದೆ. ಪೂರ್ತಿ ಸ್ವಂತ ಬಲದ ಮೇಲೆ ಬದುಕುವುದು ಎಷ್ಟು ಕಷ್ಟ ಎಂಬುದಕ್ಕೆ ಅರಿಜೋನಾದ ಬಯೋಸ್ಫಿಯರ್ 2 ನೋಡಿ. 1991ರಲ್ಲಿ ಎಂಟು ಜನ ಎರಡು ವರ್ಷಕ್ಕೆಂದು ಗಾಜಿನ ಕಟ್ಟಡದೊಳಗೆ ಹೋದರು. ಶೇ. 21ರ ಹತ್ತಿರ ಇದ್ದ ಆಮ್ಲಜನಕ ಶೇ. 14ರ ಆಸುಪಾಸಿಗೆ ಇಳಿಯಿತು. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿದ್ದವು, ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಾಂಕ್ರೀಟ್ ಹೀರಿತ್ತು. ಕೊನೆಗೆ ಹೊರಗಿನಿಂದ ಆಮ್ಲಜನಕ ಹಾಕಬೇಕಾಯಿತು. ಅದೂ ಭೂಮಿಯ ಮೇಲೆ, ಬಾಗಿಲು ತೆರೆದರೆ ಗಾಳಿ ಇರುವ ಜಾಗದಲ್ಲಿ.

ಹಾಗಾಗಿ ಮಂಗಳದ ಲಾಭವನ್ನು ಸಾಲು ಸಾಲಾಗಿ ಹಾಕಿ. ಬಂಡೆ ಬಿದ್ದರೆ ಪೂರ್ತಿ ಲಾಭ. ರೋಗಾಣುವಿಗೆ ಒಂದಷ್ಟು, ಆರೇಳು ತಿಂಗಳ ಪ್ರಯಾಣವೇ ದಿಗ್ಬಂಧನ. ಕೆಟ್ಟ ಸಾಫ್ಟ್‌ವೇರ್‌ಗೆ ಮಾತ್ರ ಏನೂ ಇಲ್ಲ, ರೇಡಿಯೊ ಸಂಕೇತ ಅರ್ಧ ಗಂಟೆಯೊಳಗೆ ಅಲ್ಲಿಗೆ ಮುಟ್ಟುತ್ತದೆ. ಆದರೆ ಅಲ್ಲಿಯ ಊರು ಸ್ವಂತ ಬಲದ ಮೇಲೆ ನಿಲ್ಲುವವರೆಗೆ ಈ ಯಾವ ಲಾಭವೂ ಸಿಗದು, ಹಾಗಾಗಿ ಮೊದಲ ನೂರು ವರ್ಷಕ್ಕೆ ನಾನು ಈ ಕಾಲಂನಲ್ಲಿ ಎಲ್ಲ ಕಡೆ ಸೊನ್ನೆ ಹಾಕಿದ್ದೇನೆ.

ಹಾಳೆಯನ್ನು ವರ್ಷಕ್ಕೊಮ್ಮೆ ತಿದ್ದಿ. ಸಂಖ್ಯೆಗಳು ನಿಂತಲ್ಲಿ ನಿಲ್ಲುವುದಿಲ್ಲ. 1980ರ ದಶಕದ ನಡುವೆ ಸುಮಾರು 70,000 ಇದ್ದ ಪರಮಾಣು ಸಿಡಿತಲೆಗಳು ಈಗ 12,000ದ ಆಸುಪಾಸಿನಲ್ಲಿವೆ. ಅದೇ ಸಾಲಿನಲ್ಲಿ, ಪರಮಾಣು ಅಸ್ತ್ರಗಳಿಗೆ ಮಿತಿ ಹಾಕಲು ಅಮೆರಿಕ ಮತ್ತು ರಷ್ಯಾ ಮಾಡಿಕೊಂಡಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ ಇದ್ದದ್ದು 2026ರ ಫೆಬ್ರವರಿ 5ರವರೆಗೆ ಮಾತ್ರ. 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಬಂಡೆ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಆಗ ಫೋನುಗಳು ಬರುತ್ತವೆ, ಆದರೆ ಆ ಸಾಲು ತಿದ್ದಬೇಡಿ, ಅದರ ದಾರಿ ಗೊತ್ತಿದೆ.

ನನ್ನ ಹಾಳೆಯ ಒಟ್ಟು ಮೊತ್ತ ಸದ್ಯ ಸಾವಿರಕ್ಕೆ ಎರಡು. 300 ವರ್ಷಕ್ಕೆ ಶೇ. 55. ಆ ಎರಡರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಕೃತಕ ಬುದ್ಧಿಮತ್ತೆ ಮತ್ತು ಪ್ರಯೋಗಾಲಯದ ರೋಗಾಣುಗಳದ್ದು. ನಿಮ್ಮ ಉತ್ತರ ಬಹಳ ಬೇರೆ ಬಂದರೆ ಮೊದಲು ಗುರಿಯ ವರ್ಷ ಒಂದೇ ಇದೆಯೇ ನೋಡಿ, ಆಮೇಲೆ ಒಂದೊಂದೇ ಸಾಲು ಹೋಲಿಸಿ.